ಕುಷ್ಠಕ್ಕೆ ಸೋತ ಒಂದೆಲಗ

ಮಲೆನಾಡಿನಲ್ಲಿ ಒಂದೆಲಗವೆಂದರೆ ತಂಬುಳಿ, ತುಳುನಾಡಿನಲ್ಲಿ ತಿಮರೆ ಚಟ್ನಿ. ಮಕ್ಕಳಿಗೆ ಅದನ್ನು ಉಣಿಸುವಾಗ ಹಿರಿಯರು ಆಡುವುದು ಜ್ಞಾಪಕಶಕ್ತಿಯ ಮಾತು; ಗಾಯದ ಮಾತು ಬರುವುದು ಅಪರೂಪ. ಆದರೂ ಇದೇ ಸೊಪ್ಪಿನ ಸಾರ ಹೊರದೇಶಗಳಲ್ಲಿ ಮಡೆಕ್ಯಾಸೋಲ್ ಎಂಬ ಗಾಯದ ಮುಲಾಮಾಯಿತು, ಈಚೆಗೆ ಕೊರಿಯಾದ ಮುಖದ ಕ್ರೀಮುಗಳಿಗೂ ಹೊಕ್ಕಿತು. ಹಿತ್ತಿಲ ಮದ್ದನ್ನು ಪ್ರಯೋಗಾಲಯ ಒಪ್ಪಿಕೊಂಡ ಮತ್ತೊಂದು ಕತೆ ಎಂದು ಇದನ್ನು ಹೇಳಿಬಿಡುವುದು ಸುಲಭ. ಆದರೆ ದಾಖಲೆಗಳು ಬೇರೆ ದಾರಿ ತೋರಿಸುತ್ತವೆ. ಒಂದೆಲಗ ನೂರು ವರ್ಷ ಕುಷ್ಠರೋಗದ ಮದ್ದೆನಿಸಿಕೊಂಡು ತಿರುಗಿತು, ಆ ಕೆಲಸದಲ್ಲಿ ಸೋತಿತು. ಗಾಯ ಮಾಯಿಸುವ ಅದರ ಗುಣ ಕಣ್ಣಿಗೆ ಬಿದ್ದದ್ದು ಆ ಸೋಲಿನ ಒಳಗೇ.

ಕತೆ ಶುರುವಾಗುವುದು ಮಾರಿಷಸ್ಸಿನಲ್ಲಿ. ಸ್ವತಃ ಕುಷ್ಠದಿಂದ ನರಳುತ್ತಿದ್ದ ಬ್ವಾಲೋ ಎಂಬ ಫ್ರೆಂಚ್ ವೈದ್ಯ 1852ರಲ್ಲಿ ಈ ಸೊಪ್ಪನ್ನು ಆ ರೋಗಕ್ಕೆ ಮದ್ದೆಂದು ಸೂಚಿಸಿದ. ಮೂರೇ ವರ್ಷದಲ್ಲಿ ಪಾಂಡಿಚೇರಿಯ ಔಷಧತಜ್ಞ ಜೂಲ್ ಲೆಪಿನ್ ಅದರಿಂದ ಎಣ್ಣೆಯಂಥ ವಸ್ತುವೊಂದನ್ನು ತೆಗೆದು ‘ವೆಲ್ಲರಿನ್’ ಎಂದು ಕರೆದ. ಹೆಸರು ತಮಿಳಿನ ವಲ್ಲಾರೈಯಿಂದ ಬಂದದ್ದು. ಆ ವಸ್ತು ರಸಾಯನಶಾಸ್ತ್ರದಲ್ಲಿ ಉಳಿಯಲಿಲ್ಲ. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು ಅದೇ 1855ರಲ್ಲಿ ಮದರಾಸಿನ ಕುಷ್ಠರೋಗ ಆಸ್ಪತ್ರೆಯಲ್ಲಿ ಅಲೆಕ್ಸಾಂಡರ್ ಹಂಟರ್ ನಡೆಸಿದ ಪರೀಕ್ಷೆ. ಈ ರೋಗಕ್ಕೆ ಇದೇ ಮದ್ದು ಎನ್ನುವ ಯೋಗ್ಯತೆ ಈ ಸೊಪ್ಪಿಗಿಲ್ಲ, ಆದರೆ ರೋಗಿಯ ಬಾಧೆ ತಗ್ಗುತ್ತದೆ, ಮೈ ಸುಧಾರಿಸುತ್ತದೆ ಎಂದು ಆತ ತೀರ್ಮಾನಿಸಿದ. ದೊಡ್ಡ ಮದ್ದಿನ ಆಸೆಯಲ್ಲಿದ್ದವರಿಗೆ ಇದು ಸಪ್ಪೆ ವರದಿಯಾಗಿ ಕಂಡಿರಬೇಕು. 1868ರ ‘ಭಾರತದ ಫಾರ್ಮಕೋಪಿಯಾ’ದಲ್ಲಿ ಸೊಪ್ಪಿಗೆ ಜಾಗವೇನೋ ಸಿಕ್ಕಿತು, ಸುದ್ದಿ ಮಾತ್ರ ತಣ್ಣಗಾಯಿತು.

ಅದು ಮತ್ತೆ ತಲೆಯೆತ್ತಿದ್ದು ಮಡಗಾಸ್ಕರ್ ದ್ವೀಪದಲ್ಲಿ. ಅಲ್ಲಿನ ಗಿಡದಿಂದ 1941ರಲ್ಲಿ ಬೊಂಟೆಮ್ಸ್ ಏಷಿಯಾಟಿಕೋಸೈಡ್ ಎಂಬ ಸಂಯುಕ್ತವನ್ನು ಬೇರ್ಪಡಿಸಿದ. ಪಿಯೆರ್ ಬ್ವಾತೊ ಮತ್ತು ಆತನ ಸಂಗಡಿಗರು ಅದನ್ನು ಮತ್ತೆ ಕುಷ್ಠಕ್ಕೇ ಹಚ್ಚಿದರು. ರೋಗಾಣುವಿನ ಮೇಣದಂಥ ಹೊದಿಕೆಯನ್ನು ಇದು ಕರಗಿಸುತ್ತದೆ ಎಂಬುದು ಅವರ ಊಹೆ. ಅದೇ 1941ರಲ್ಲಿ ಅಮೆರಿಕದ ಕಾರ್ವಿಲ್ ಆಸ್ಪತ್ರೆಯಲ್ಲಿ ಸಲ್ಫೋನ್ ಗುಂಪಿನ ಔಷಧದ ಪ್ರಯೋಗ ಆರಂಭವಾಗಿತ್ತು. ರೋಗಾಣುವನ್ನು ಮಣಿಸಿದ್ದು ಆ ಗುಂಪು. ಸೊಪ್ಪಿನ ಕತೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಬ್ವಾತೊ ಮತ್ತು ಮಡಗಾಸ್ಕರದ ವಿಜ್ಞಾನಿ ಆಲ್ಬರ್ಟ್ ರಾಕೋಟೋ ರತ್ಸಿಮಮಂಗಾ 1956ರಲ್ಲಿ ಪ್ರಕಟಿಸಿದ ಲೇಖನದ ವಿಷಯವೇ ಬೇರೆ: ಹಟಮಾರಿ ಗಾಯಗಳ ಮಾಯುವಿಕೆ. ಕುಷ್ಠದ ಹುಣ್ಣು ಅದರಲ್ಲಿ ಉದಾಹರಣೆಗಳ ಸಾಲಿಗೆ ಸರಿದಿತ್ತು. ಇದರಲ್ಲಿ ವಿಚಿತ್ರವೇನಿಲ್ಲ. ಕುಷ್ಠರೋಗಿಯ ಅಂಗಾಲಿನ ಹುಣ್ಣು ಬಹುಪಾಲು ನರ ಸತ್ತು ಸ್ಪರ್ಶ ಹೋದದ್ದರ ಫಲ. ರೋಗಾಣುವನ್ನು ಕೊಲ್ಲುವುದು ಒಂದು ಕೆಲಸ, ಹುಣ್ಣನ್ನು ಮುಚ್ಚುವುದು ಇನ್ನೊಂದು. ನೂರು ವರ್ಷ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದರಿಂದ ಸೊಪ್ಪು ಹಗುರವಾಗಿ ಕಂಡಿತ್ತು.

ಇದೆಲ್ಲ ಆಯುರ್ವೇದಕ್ಕೆ ಮೊದಲೇ ಗೊತ್ತಿತ್ತಲ್ಲ ಎಂಬ ಆಕ್ಷೇಪ ಬರುತ್ತದೆ, ಅದರಲ್ಲಿ ಹುರುಳೂ ಇದೆ. ಚರಕ ಸಂಹಿತೆ ಮಂಡೂಕಪರ್ಣಿಯನ್ನು, ಅಂದರೆ ಒಂದೆಲಗವನ್ನು, ಬುದ್ಧಿ ಹೆಚ್ಚಿಸುವ ನಾಲ್ಕು ಮೇಧ್ಯ ರಸಾಯನಗಳಲ್ಲಿ ಎಣಿಸುತ್ತದೆ. ನಮ್ಮ ಅಜ್ಜಿಯರ ಜ್ಞಾಪಕಶಕ್ತಿಯ ಮಾತು ಆ ಪರಂಪರೆಯದೇ. ಭಾವಪ್ರಕಾಶ ಕುಷ್ಠವನ್ನೂ ಹೆಸರಿಸುತ್ತದೆ. ಆದರೆ ಆ ಗ್ರಂಥಗಳ ಕುಷ್ಠ ಹದಿನೆಂಟು ಬಗೆಯ ಚರ್ಮರೋಗಗಳಿಗೆ ಹಾಸಿದ ದೊಡ್ಡ ಚಾಪೆ, ಇಂದಿನ ಒಂದು ರೋಗಾಣುವಿನ ರೋಗವಲ್ಲ. (ಹೆಸರಿನ ಗೋಜಲು ಗಿಡಕ್ಕೂ ತಪ್ಪಿಲ್ಲ: ನಾವು ಒಂದೆಲಗವನ್ನು ಬ್ರಾಹ್ಮಿ ಎಂದರೆ, ಕೇರಳದವರು ಹಾಗೆ ಕರೆಯುವುದು ನೀರುಬ್ರಾಹ್ಮಿಯನ್ನು.) ಸೊಪ್ಪಿಗೂ ಚರ್ಮಕ್ಕೂ ನಂಟಿದೆ ಎಂಬ ಸುಳಿವನ್ನು ಪರಂಪರೆ ಕೊಟ್ಟಿತ್ತು ಎನ್ನಬಹುದು. ಯಾವ ಗಾಯ, ಯಾವ ಅಂಶ, ಎಷ್ಟು ಎಂಬ ಪ್ರಶ್ನೆಗಳಿಗೆ ಆ ಸುಳಿವೊಂದೇ ಸಾಲದು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ. ಆಸ್ಪತ್ರೆಯಲ್ಲಿ ಹುಣ್ಣು ತೊಳೆದು, ಹೊಟ್ಟೆತುಂಬ ಅನ್ನವಿಟ್ಟು, ಕಾಲಿಗೆ ವಿಶ್ರಾಂತಿ ಕೊಟ್ಟರೆ ಯಾವ ಸೊಪ್ಪಿಲ್ಲದೆಯೂ ಗಾಯ ಮಾಯುತ್ತದಲ್ಲವೇ? ಹಂಟರನ ಕಾಲದ ಪರೀಕ್ಷೆಗಳಿಗೆ ಈ ಮಾತು ಪೂರಾ ಅನ್ವಯಿಸುತ್ತದೆ. ಅದಕ್ಕೆ ಒಂದಿಷ್ಟು ಉತ್ತರ ಬಂದದ್ದು 1990ರಲ್ಲಿ. ಫ್ರಾನ್ಸಿನ ಮಾಕಾರ್ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯ ಚರ್ಮದ ಫೈಬ್ರೋಬ್ಲಾಸ್ಟ್ ಜೀವಕೋಶಗಳಿಗೆ ಒಂದೆಲಗದ ಸಾರ ಹಾಕಿದಾಗ, ಗಾಯಕ್ಕೆ ಹಂದರವಾಗುವ ಕೊಲಾಜನ್ ಹೆಚ್ಚು ತಯಾರಾಯಿತು. ಅನ್ನ, ವಿಶ್ರಾಂತಿಗಳ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಆದರೆ ಗಾಜಿನ ತಟ್ಟೆಯ ಕೋಶ ರೋಗಿಯ ಕಾಲಲ್ಲ, ಮನುಷ್ಯರ ಮೇಲಿನ ಪರೀಕ್ಷೆಗಳು ಹೆಚ್ಚಾಗಿ ಸಣ್ಣವು. ಜೊತೆಗೆ ಮುಲಾಮಿಗೆ ಬಳಸುವ ಸಾರದಲ್ಲಿ ಏಷಿಯಾಟಿಕೋಸೈಡ್ ಶೇ. 40, ಏಷಿಯಾಟಿಕ್ ಆಮ್ಲ ಮತ್ತು ಮಡೆಕ್ಯಾಸಿಕ್ ಆಮ್ಲ ತಲಾ ಶೇ. 30 ಎಂದು ಅಳತೆ ನಿಗದಿಯಾಗಿರುತ್ತದೆ. ತೋಟದ ಕಾಲುವೆಯಂಚಿನಲ್ಲಿ ಕಿತ್ತ ಎಲೆಗೆ ಆ ಅಳತೆ ಇಲ್ಲ, ಅದಕ್ಕೆ ಅಂಟಿದ ಮಣ್ಣಿನಲ್ಲಿ ಧನುರ್ವಾಯುವಿನ ರೋಗಾಣು ಇರಲೂಬಹುದು. ಎಲೆಯನ್ನು ಅರೆದು ತಂಬುಳಿಗೆ ಹಾಕುವುದು ಸರಿ, ತೆರೆದ ಗಾಯಕ್ಕೆ ಮೆತ್ತುವುದು ಬೇಡ.