ಮಾರಿಯ ಬಳಿಕ ಮೈದಳೆದ ದಾದರ್

ಲೋಕವೇ ಕುಸಿದುಬಿದ್ದ ಮೇಲೆ ಎಳೆಯರು ಹೇಗೆ ಬದುಕಿ ಉಳಿದಾರು ಎಂಬ ವಸ್ತುವನ್ನು ಹಿಡಿದು ಕಿಶೋರ ವಾಚಕರಿಗಾಗಿ ಬರೆದ ಕಾದಂಬರಿಗಳು ಈಚಿನ ದಶಕಗಳಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ವಿಪುಲವಾಗಿ ಬಂದಿವೆ. 2008ರಲ್ಲಿ ಪ್ರಕಟವಾದ ಸೂಸಾನ್ ಕಾಲಿನ್ಸರ ‘ದ ಹಂಗರ್ ಗೇಮ್ಸ್’ನ ನಾಯಿಕೆ ಬಿಲ್ಲು ಹಿಡಿದು ಕಾಡಿಗೆ ಹೋಗಿ ತಾಯಿಯ, ತಂಗಿಯ ಹೊಟ್ಟೆ ಹೊರೆಯುವ ಹುಡುಗಿ. ಇಂಥ ಕಥೆಗಳನ್ನು ಓದಿದಾಗಲೆಲ್ಲ ನನ್ನ ಮನಸ್ಸು ಮುಂಬಯಿಯ ದಾದರಿನತ್ತ ಹರಿಯುತ್ತದೆ. ಏಕೆಂದರೆ ಇಂದು ನಾವು ಕಾಣುವ ಆ ದಾದರು ಒಂದು ಪ್ರಳಯದ ಅನಂತರ, ಆ ಪ್ರಳಯದ ಭಯದಿಂದಲೇ ಮೈದಳೆದ ಪ್ರದೇಶವಾಗಿದೆ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿಯ ಒತ್ತೊತ್ತಾದ ಮನೆಗಳ ನಡುವೆ ವೈದ್ಯ ಅಕಾಸಿಯೊ ವಿಯೆಗಾಸರು ಆ ಪ್ರಳಯವನ್ನು, ಎಂದರೆ ಪ್ಲೇಗು ಮಾರಿಯನ್ನು, ಗುರುತಿಸಿದರು. ಮುಂದಿನ ಕೆಲವೇ ತಿಂಗಳುಗಳಲ್ಲಿ ಮೂರೂವರೆ ಲಕ್ಷಕ್ಕೂ ಮಿಗಿಲಾದ ಜನ ನಗರವನ್ನು ತೊರೆದು ರೈಲಿನಲ್ಲಿ, ಹಡಗಿನಲ್ಲಿ, ಕಾಲ್ನಡೆಯಲ್ಲಿ ತಮ್ಮ ತಮ್ಮ ಊರುಗಳಿಗೆ ಓಡಿದರು. ಗಿರಣಿಗಳು ಕೈಯಾಳುಗಳಿಲ್ಲದೆ ಸೊರಗಿದವು, ಗಿರಣಿಯವರು ಬೀದಿಯ ಮೂಲೆಗಳಲ್ಲಿ ನಿಂತು ಹೆಚ್ಚು ಕೂಲಿ ಕೂಗಿ ಆಳುಗಳನ್ನು ಸೆಳೆಯುವ ಸ್ಥಿತಿ ಬಂದಿತು. ಸೂರ್ಯನ ಬೆಳಕು ಒಳಗೆ ಬೀಳಲೆಂದು ಅಧಿಕಾರಿಗಳು ಮಾಡಿನ ಹೆಂಚುಗಳನ್ನು ಕೀಳಿಸಿದರು, ಗೋಡೆಗಳಿಗೆ ಸುಣ್ಣ ಬಳಿಸಿದರು, ರೋಗಿಗಳನ್ನು ಮನೆಯವರಿಂದ ಬೇರ್ಪಡಿಸಿ ಒಯ್ದರು. ಈ ಬೇರ್ಪಡಿಕೆಗೆ ಜನ ರೋಗಕ್ಕಿಂತಲೂ ಹೆಚ್ಚು ಅಂಜಿದರೆಂಬುದಕ್ಕೆ, 1896ರ ಅಕ್ಟೋಬರಿನಲ್ಲಿಯೇ ಗಿರಣಿ ಕಾರ್ಮಿಕರು ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ಏರಿಹೋದುದೇ ಸಾಕ್ಷಿ. 1891ರಲ್ಲಿ 8,21,764 ಇದ್ದ ನಗರದ ಜನಸಂಖ್ಯೆ, ಹತ್ತು ವರ್ಷ ಬೆಳೆಯಬೇಕಾದದ್ದು, 1901ರ ಗಣತಿಯಲ್ಲಿ 7,76,006ಕ್ಕೆ ಇಳಿದಿತ್ತು.

ಇಂಥ ಸಂಹಾರದ ನಡುವೆ 1898ರಲ್ಲಿ ಹುಟ್ಟಿದ್ದು ಮುಂಬಯಿಯ ನಗರ ಸುಧಾರಣಾ ಟ್ರಸ್ಟು. ಗಾಳಿ ಬೆಳಕುಗಳಿಲ್ಲದ ಮನೆಗಳೇ ಮಾರಿಯ ಮೂಲವೆಂದು ನಂಬಿದ ಈ ಸಂಸ್ಥೆ ಹಳೆಯ ಕೇರಿಗಳನ್ನು ಸೀಳಿ ರಸ್ತೆಗಳನ್ನು ತೆಗೆಯಿತು. ಉತ್ತರದ ಗದ್ದೆ, ತೆಂಗಿನ ತೋಟ, ಜೌಗುನೆಲಗಳಿದ್ದ ದಾದರ್, ಮಾಟುಂಗಗಳಲ್ಲಿ ಅಗಲವಾದ ಬೀದಿಗಳನ್ನೂ ಉದ್ಯಾನಗಳನ್ನೂ ಮಿತವಾದ ಎತ್ತರದ ಮನೆಗಳನ್ನೂ ಯೋಜಿಸಿತು. ಹಿಂದೂ ಕಾಲನಿಯೂ, ಮಂಚೇರಜಿ ಜೋಶಿಯವರ ಪರಿಶ್ರಮದಿಂದ ನೆಲೆಗೊಂಡ ಪಾರಸಿ ಕಾಲನಿಯೂ ಈ ಯೋಜನೆಯ ಫಲಗಳು. ಅದೇ ಮಾರಿ 1898ರಲ್ಲಿ ಬೆಂಗಳೂರನ್ನು ಹೊಕ್ಕಾಗ ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡುದನ್ನು ಬಲ್ಲ ಕನ್ನಡಿಗರಿಗೆ ದಾದರಿನ ಈ ಜನ್ಮವೃತ್ತಾಂತ ಅಪರಿಚಿತವೆನಿಸದು. ಆದರೆ ಕೆಡವಿದ ಕೇರಿಗಳ ಬಡವರಿಗೆ ಈ ಸುಂದರ ಬೀದಿಗಳಲ್ಲಿ ಸ್ಥಳ ದೊರೆಯಲಿಲ್ಲವೆಂಬುದನ್ನು ಮರೆತು ಟ್ರಸ್ಟನ್ನು ಹೊಗಳುವುದು ನನ್ನಿಂದಾಗದು. ಅವರು ಉಳಿದ ಹಳೆಯ ಚಾಳುಗಳಲ್ಲಿಯೇ ಇನ್ನಷ್ಟು ಒತ್ತಿಕೊಂಡರು, 1920ರ ದಶಕದಲ್ಲಿ ದಾದರಿನ ಪಕ್ಕದ ನಾಯಗಾಂವಿನಲ್ಲಿ ಎದ್ದ ಮುಂಬಯಿ ಅಭಿವೃದ್ಧಿ ಇಲಾಖೆಯ (ಬಿ.ಡಿ.ಡಿ.) ಚಾಳುಗಳಲ್ಲಿಯೂ ಒಂದೊಂದೇ ಖೋಲಿಯಲ್ಲಿ, ಎಂದರೆ ಕೋಣೆಯಲ್ಲಿ, ಇಡೀ ಸಂಸಾರ ಬಾಳಬೇಕಾಯಿತು.

ನಮ್ಮ ಕನ್ನಡಿಗರ ಕಥೆಯಲ್ಲಿ ಕಾಣುವ ಎಳೆಯರು ಈ ಖೋಲಿಗಳಿಗೂ ಹೋಟೆಲುಗಳಿಗೂ ಬಂದವರು. ಕರಾವಳಿಯಿಂದ ಮುಂಬಯಿಗೆ ನೇರ ರೈಲು ಇಲ್ಲದ ಕಾಲದಲ್ಲಿ ದಕ್ಷಿಣ ಕನ್ನಡದಿಂದ ಹಡಗು ಹತ್ತಿ, ಹೆಚ್ಚೆಂದರೆ ಊರಿನ ಒಬ್ಬ ಪರಿಚಿತನ ಹೆಸರನ್ನು ನೆಚ್ಚಿ ಬಂದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ಮೇಜು ಒರೆಸಿ, ಮಾಣಿಗಳಾಗಿ ದುಡಿದು, ರಾತ್ರಿ ಗಿರಾಕಿಗಳು ಹೋದ ಮೇಲೆ ಅದೇ ಮೇಜುಗಳ ಮೇಲೆ ಮಲಗಿದರು. ಇವರ ಕೈಯಲ್ಲಿ ಬಿಲ್ಲಿರಲಿಲ್ಲ. ಇದ್ದದ್ದು ರಾತ್ರಿಶಾಲೆಯ ಪುಸ್ತಕ. 1902ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿ 1908ರಲ್ಲಿಯೇ, ಅಂದರೆ ಪ್ಲೇಗು ಇನ್ನೂ ನಗರವನ್ನು ಪೂರ್ತಿ ಬಿಡದ ದಿನಗಳಲ್ಲಿ, ಉಚಿತ ರಾತ್ರಿಶಾಲೆಯನ್ನು ತೆರೆಯಿತೆಂಬುದು ನನಗೆ ಆ ಕಾಲದ ಅತ್ಯಂತ ಉಜ್ವಲವಾದ ಸಂಗತಿಯೆಂದು ತೋರುತ್ತದೆ. ಹಸಿದ ಹುಡುಗನಿಗೆ ಅನ್ನ ಕೊಡುವವರು ಯಾವ ಕಾಲದಲ್ಲಿಯೂ ಇದ್ದಾರು. ಹತ್ತು ತಾಸು ದುಡಿದು ಕಣ್ಣು ಮುಚ್ಚಿಕೊಳ್ಳುತ್ತಿರುವವನ ಮುಂದೆ ದೀಪ ಹಚ್ಚಿ ಲೆಕ್ಕ ಕಲಿಸಲು ಕುಳಿತವರ ತಾಳ್ಮೆ ಬೇರೆಯ ಬಗೆಯದು. ಕಾದಂಬರಿಗಳ ನಾಯಕರು ಬಹುಮಟ್ಟಿಗೆ ಒಂಟಿಯಾಗಿ ಉಳಿಯುತ್ತಾರೆ. ಮುಂಬಯಿಯಲ್ಲಿ ಒಂಟಿಯಾದ ಹುಡುಗ ಉಳಿದುದು ಜಾತಿಯವರ, ಊರಿನವರ, ಖೋಲಿಯ ಜೊತೆಗಾರರ ಮಡಿಲಿನಲ್ಲಿ.

1926ರಲ್ಲಿ ಮೈಸೂರು ಅಸೋಸಿಯೇಶನ್, 1927ರಲ್ಲಿ ಬಂಟರ ಸಂಘ, 1932ರಲ್ಲಿ ಬಿಲ್ಲವರ ಅಸೋಸಿಯೇಶನ್, ಹೀಗೆ ಊರಿನವರ, ಜಾತಿಯವರ ಸಂಘಟನೆಗಳು ಮುಂಬಯಿಯಲ್ಲಿ ಒಂದರ ಹಿಂದೊಂದು ಎದ್ದವು. ಮೈಸೂರು ಅಸೋಸಿಯೇಶನ್ ನೆಲೆಸಿದ ಮಾಟುಂಗ ಆ ಪ್ಲೇಗಿನ ಯೋಜನೆಯೊಳಗಿನ ನೆಲವೇ ಆಗಿದೆ. ಅದೇ ಮಾಟುಂಗದ ರೈಲು ನಿಲ್ದಾಣದ ಬಳಿ 1942ರಲ್ಲಿ ಎ. ರಾಮ ನಾಯಕರು ತೆರೆದ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಸಂಸಾರವಿಲ್ಲದ ಗುಮಾಸ್ತರು, ವಿದ್ಯಾರ್ಥಿಗಳು ಊರಿನ ಸಾರು ಅನ್ನಗಳನ್ನು ಉಂಡು, ಎದ್ದು, ಸಂಜೆಯ ತರಗತಿಗೆ ನಡೆದರು.