ತಾಮ್ರದ ಕೆಂಪು

ತಾಮ್ರದ ತಂಬಿಗಿ ನಾಕು ದಿನ ತಿಕ್ಕದ ಬಿಟ್ರ ಹಸರು ಕಿಲುಬು ಹಿಡೀತದಲ್ರೀ? ಅದೇ ತಾಮ್ರದಿಂದ ಚೀನಾದವರು ರಕ್ತದಂಥಾ ಕೆಂಪು ತಗದಿದ್ರು ಅಂತ ಓದಿ ನಾ ಬೆರಗಾದೆ.

ಜಿಂಗ್‌ಡೆಜೆನ್ ಊರಿನ ಕುಂಬಾರರು ಪಿಂಗಾಣಿಗೆ ಹಚ್ಚೋ ಗಾಜಿನಂಥಾ ಮೆರುಗಿನೊಳಗ ಚೂರು ತಾಮ್ರ ಕೂಡಸ್ತಿದ್ರು. ಭಟ್ಟಿ ಸುಮಾರು 1300 ಡಿಗ್ರಿ ಕಾಯಬೇಕು, ಒಳಗ ಗಾಳಿ ಕಡಿಮಿ ಇರಬೇಕು. ಗಾಳಿ ಹೆಚ್ಚಾತೋ, ಹಸರು. ಕಾವು ಹೆಚ್ಚಾತೋ, ಬಣ್ಣನ ಹಾರಿಹೋಗ್ತದ.

ಮಿಂಗ್ ಮನೆತನದ ಶುಆನ್‌ಡೆ ಅರಸನ ಕಾಲಕ್ಕ (1426–1435) ಈ ಕೆಂಪು ಭಾಳ ಚಂದ ಬಂತು. ಆಮ್ಯಾಲೆ ಕೈ ತಪ್ಪಿತು. 16ನೇ ಶತಮಾನದಾಗ ಕಬ್ಬಿಣದ ಕೆಂಪು ಹಚ್ಚಿ ಸುಧಾರಿಸಿಕೊಂಡ್ರು. ಅದು ಹೊಳ್ಳಿ ಬಂದದ್ದು ಕಾಂಗ್‌ಶಿ ಅರಸನ ಕಾಲಕ್ಕ. 1705ರಿಂದ 1712ರ ತನಕಾ ಅಲ್ಲಿ ಗವರ್ನರ್ ಇದ್ದ ಲಾಂಗ್ ಟಿಂಗ್‌ಜಿ ಹೆಸರು ಆ ಕೆಂಪು ಹೂದಾನಿಗೆ ಅಂಟಿತು: ‘ಲಾಂಗ್‌ಯಾವ್’, ಅಂದ್ರ ಲಾಂಗನ ಭಟ್ಟಿ.

ಕುಂಬಾರನ ಮಗಳು ಭಟ್ಟಿಗೆ ಹಾರಿದ್ದಕ್ಕ ಆ ಬಣ್ಣ ಬಂತು ಅಂತ ಅಲ್ಲಿ ಒಂದು ಕಥಿ ಅದ. ನಮ್ಮಲ್ಲೂ ಕೆರಿಗೆ ಸೊಸಿನ್ನ ಕೊಟ್ಟ ಹಾಡು ಅದ ಅಲ್ಲ, ಕೇಳಿ ಕರುಳು ಚುರ್ ಅಂತು. ಆದ್ರ ನಾ ನಂಬೂದಿಲ್ಲವಾ. ಆ ಕೆಂಪು ಹುಡಿಗಿ ರಕ್ತದ್ದಲ್ಲ. ತಾಮ್ರದ್ದು, ಮತ್ತ ಭಟ್ಟಿ ಮುಂದ ನಿದ್ದಿಗೆಟ್ಟು ಕೂತವರ ಕಣ್ಣಿಂದು. ಅವರ ಹೆಸರು ಮಾತ್ರ ಹೂದಾನಿ ಮ್ಯಾಲಿಲ್ಲ.