ನಡುಗುವ ಕೈ, ನಿಧಾನದ ಹೆಜ್ಜೆ: ವ್ಯಾಯಾಮ ಚಿಕಿತ್ಸೆಯಾದ ಚರಿತ್ರೆ

ಸಾಹಿತ್ಯದ ವಿದ್ಯಾರ್ಥಿ ರೋಗದ ಬಗ್ಗೆ ಯಾಕೆ ಮಾತಾಡ್ತಾನೆ ಅಂತ ನಿಮಗೆ ಅನ್ನಿಸಬಹುದು. ಕಾರಣ ನಮ್ಮ ಮನೆಯಲ್ಲೇ ಇದೆ.

ನಮ್ಮೂರು ಚಂದಗಡ ತಾಲ್ಲೂಕಿನದು. ಜಿಲ್ಲೆ ಕೊಲ್ಹಾಪುರ, ಆದರೆ ದವಾಖಾನೆಗೆ ಹೋಗೋದು ಬೆಳಗಾವಿಗೆ, ಅದೇ ಹತ್ತಿರ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ. ನಮ್ಮ ಅಜ್ಜ ಹರೆಯದಲ್ಲಿ ತಾಲೀಮಿಗೆ ಹೋಗಿ ದಂಡ-ಬೈಠಕ್ ಹೊಡೆದವನು. ಅವನ ಬಲಗೈಯಲ್ಲಿ ಚಹಾದ ಬಸಿ ನಡುಗತೊಡಗಿದಾಗ ನಾವೆಲ್ಲ "ವಯಸ್ಸಾತು" ಅಂದು ಸುಮ್ಮನಾದೆವು. ಎರಡು ವರ್ಷ ಕಳೆದು ಅಂಗಳದಲ್ಲಿ ಬಿದ್ದ ಮೇಲೆಯೇ ಪಾರ್ಕಿನ್ಸನ್ ಅನ್ನೋ ಹೆಸರು ಗೊತ್ತಾದದ್ದು. ಗುಳಿಗೆ ಶುರುವಾಯಿತು. ಕೆಲವು ತಿಂಗಳಿಗೆ ಕಾಕಾನ ಮೊಬೈಲಿಗೆ ಒಂದು ವಿಡಿಯೊ ಬಂತು: ಸಾವಿರಾರು ವರ್ಷದ ಚೀನೀ ವ್ಯಾಯಾಮ ಮಾಡಿದರೆ ಗುಳಿಗೆಯೇ ಬೇಡ ಅಂತ. ಕಾಕಾ ನಂಬಿದ, ಗುಳಿಗೆ ನಿಂತಿತು. ನಾಲ್ಕನೇ ದಿನ ಅಜ್ಜ ಹೊಸ್ತಿಲ ಹತ್ತಿರ ನಿಂತವನು ದಾಟಲಾರದೆ ಅಲ್ಲೇ ಉಳಿದ. "ಕಾಲು ನೆಲಕ್ಕ ಅಂಟ್ಯಾವೋ ತಮ್ಮಾ" ಅಂದ. ಮತ್ತೆ ಬೆಳಗಾವಿಗೆ ಓಡಿದೆವು. ಡಾಕ್ಟರರು ಗುಳಿಗೆ ತಾವಾಗಿ ನಿಲ್ಲಿಸಿದ್ದಕ್ಕೆ ಬೈದರು, ಆದರೆ ವ್ಯಾಯಾಮ ಬಿಡಬೇಡಿ ಅಂದರು. ಹಾಗಾದರೆ ಆ ವಿಡಿಯೊದಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು? ಈ ಪ್ರಬಂಧ ಹುಟ್ಟಿದ್ದು ಅಲ್ಲಿಂದ.

ರೋಗದ ಹೆಸರು, ಬೇಲಿಯ ಬಳ್ಳಿ

ಆಯುರ್ವೇದದವರು ಇಂಥ ನಡುಕವನ್ನು ಕಂಪವಾತ ಅಂತ ಕರೆಯುತ್ತಾರೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಆರು ಜನರ ಲಕ್ಷಣಗಳನ್ನು ವಿವರಿಸಿ ಒಂದು ಪ್ರಬಂಧ ಬರೆದ. ಅವರಲ್ಲಿ ಕೆಲವರನ್ನು ಅವನು ಬೀದಿಯಲ್ಲಿ ಮಾತ್ರ ನೋಡಿದ್ದ. ಮಿದುಳಿನಲ್ಲಿ ಡೋಪಮಿನ್ ಉತ್ಪಾದಿಸುವ ಕೋಶಗಳು ನಶಿಸುವುದರಿಂದ ಚಲನೆ ನಿಧಾನವಾಗುತ್ತದೆ, ಮೈ ಬಿಗಿಯುತ್ತದೆ, ತೋಲ ತಪ್ಪುತ್ತದೆ ಎಂಬುದು ತಿಳಿದದ್ದು 20ನೇ ಶತಮಾನದಲ್ಲಿ. ನಸುಗುನ್ನಿ ಬೀಜದಿಂದ ಲೆವೊಡೋಪಾ ಎಂಬ ವಸ್ತುವನ್ನು ದಾಮೋದರನ್ ಮತ್ತು ರಾಮಸ್ವಾಮಿ ಅವರು 1937ರಲ್ಲಿ ಮದರಾಸಿನಲ್ಲಿ ಬೇರ್ಪಡಿಸಿದರು. 1960ರ ದಶಕದಲ್ಲಿ ಅದೇ ವಸ್ತು ಈ ರೋಗದ ಮುಖ್ಯ ಔಷಧವಾಯಿತು. ನಮ್ಮ ಕಡೆ ಮರಾಠಿಯಲ್ಲಿ ಖಾಜಕುಯಿಲಿ ಅನ್ನುವ, ಮುಟ್ಟಿದರೆ ಮೈಯೆಲ್ಲ ತುರಿಸುವ ಬಳ್ಳಿ ಅದು. ಆದರೆ ಬೀಜದಲ್ಲಿ ಎಷ್ಟಿದೆಯೋ ಹೇಳಲಾಗದು. ಗುಳಿಗೆಯಲ್ಲಿ ಅಳತೆ ಇದೆ.

ಎರಡು ಚಿತ್ರಮಾಲೆಗಳು

ಚೀನಾದ ಚಾಂಗ್‌ಶಾ ಬಳಿಯ ಮಾವಾಂಗ್‌ಡುಯಿಯಲ್ಲಿ 1973ರಲ್ಲಿ ಅಗೆದ ಸಮಾಧಿಯೊಂದರಲ್ಲಿ ರೇಷ್ಮೆಯ ಮೇಲೆ ಬರೆದ ಚಿತ್ರ ಸಿಕ್ಕಿತು. ಸಮಾಧಿ ಕ್ರಿ.ಪೂ. 168ರದು. ಅದರಲ್ಲಿ ವ್ಯಾಯಾಮ ಮಾಡುತ್ತಿರುವ 44 ಜನರಿದ್ದಾರೆ. ನಮ್ಮಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಚಿತ್ರಗಳಿವೆ. ಎರಡೂ ನಮ್ಮನ್ನು ಬೆರಗುಗೊಳಿಸುತ್ತವೆ. ಆದರೆ ಇವತ್ತು ಕಲಿಸುವ ತಾಯ್‌ಚಿಯನ್ನು ಆ ರೇಷ್ಮೆಯ ಮೇಲಿಂದ ನೇರವಾಗಿ ಎತ್ತಿಕೊಂಡಿಲ್ಲ. ಅದರ ಮೂಲವನ್ನು ಸಾಮಾನ್ಯವಾಗಿ 17ನೇ ಶತಮಾನದ ಹೆನಾನ್ ಪ್ರಾಂತದ ಚೆನ್ ಮನೆತನದ ಯುದ್ಧಕಲೆಯಲ್ಲಿ ಗುರುತಿಸುತ್ತಾರೆ. ಎಲ್ಲರೂ ಕಲಿಯುವಂಥ 24 ಭಂಗಿಗಳ ಸರಳ ರೂಪವನ್ನು ಚೀನಾದ ಕ್ರೀಡಾ ಆಯೋಗ ಸಿದ್ಧಪಡಿಸಿದ್ದು 1956ರಲ್ಲಿ. ಅಂದರೆ "ಸಾವಿರಾರು ವರ್ಷ" ಅನ್ನೋ ಮಾತು ಅರ್ಧ ಸತ್ಯ. ಹಳೆಯದು ಎಂಬುದೇ ಗುಣವಾಗುತ್ತದೆ ಎನ್ನುವುದಕ್ಕೆ ಪುರಾವೆಯೂ ಅಲ್ಲ.

ಬೆಳಗಾವಿಯಿಂದ ಪುಣೆಗೆ

ನಮ್ಮ ಗಡಿಯಲ್ಲೇ ಇದಕ್ಕೆ ಹತ್ತಿರದ ಒಂದು ಕಥೆ ಇದೆ. 1936ರಲ್ಲಿ ಮೈಸೂರಿನ ಟಿ. ಕೃಷ್ಣಮಾಚಾರ್ಯರು ಶಿಷ್ಯರೊಂದಿಗೆ ಉತ್ತರ ಕರ್ನಾಟಕದ ಪ್ರವಾಸ ಮಾಡಿದರು. ಬೆಳಗಾವಿಯಲ್ಲಿ ಸಿವಿಲ್ ಸರ್ಜನ್ ಆಗಿದ್ದ ಡಾ. ವಿ.ಬಿ. ಗೋಖಲೆ ಆ ಪ್ರಾತ್ಯಕ್ಷಿಕೆ ನೋಡಿ ಆಸಕ್ತರಾದರು. ನಿವೃತ್ತಿಯಾಗಿ ಪುಣೆಗೆ ಹೋದ ಮೇಲೆ ಒಬ್ಬ ಶಿಕ್ಷಕ ಬೇಕೆಂದು ಕೇಳಿದರು. 1937ರಲ್ಲಿ ಆರು ತಿಂಗಳ ಮಟ್ಟಿಗೆ ಅಂತ ಹೋದವರು ಕೋಲಾರ ಜಿಲ್ಲೆ ಬೆಳ್ಳೂರಿನ ಹುಡುಗ ಬಿ.ಕೆ.ಎಸ್. ಅಯ್ಯಂಗಾರ್. 2014ರಲ್ಲಿ ತೀರಿಕೊಳ್ಳುವವರೆಗೂ ಪುಣೆಯೇ ಅವರ ಊರಾಯಿತು. ಗೋಖಲೆ ದೇಹರಚನೆ ವಿವರಿಸುವುದು, ಅಯ್ಯಂಗಾರ್ ಮಾಡಿ ತೋರಿಸುವುದು: ಹೀಗೆ ಇಬ್ಬರೂ ಒಂದೇ ವೇದಿಕೆಯಲ್ಲಿ ನಿಂತದ್ದುಂಟು. ಬಾಲ್ಯದಲ್ಲಿ ತಾವೇ ಕಾಯಿಲೆ ಉಂಡ ಅಯ್ಯಂಗಾರ್ ಮುಂದೆ ಹಗ್ಗ, ಕುರ್ಚಿ, ಮರದ ಇಟ್ಟಿಗೆ, ಪಟ್ಟಿಗಳನ್ನು ಬಳಸಿ, ನೆಟ್ಟಗೆ ನಿಲ್ಲಲಾರದವರಿಗೂ ಆಸನ ಸಾಧ್ಯವಾಗಿಸಿದರು. ವ್ಯಾಯಾಮ ಚಿಕಿತ್ಸೆಯ ಕಡೆ ತಿರುಗಿದ್ದು ಹೀಗೆ, ವೈದ್ಯ ಮತ್ತು ಗುರು ಒಬ್ಬರನ್ನೊಬ್ಬರು ಕೇಳಿಸಿಕೊಂಡಾಗ. ಅದೇ ಪುಣೆಯಲ್ಲಿ ಇತ್ತೀಚೆಗೆ ಪಾರ್ಕಿನ್ಸನ್ ಇರುವವರಿಗೆ ನೃತ್ಯದ ತರಗತಿಗಳೂ ನಡೆದಿವೆ.

ಪರೀಕ್ಷೆ ಹೇಳಿದ್ದು

ತಾಯ್‌ಚಿಗೆ ಅಂಥ ಘಳಿಗೆ ಬಂದದ್ದು 2012ರಲ್ಲಿ. ಅಮೆರಿಕದ ಓರೆಗಾನ್‌ನಲ್ಲಿ ಫುಜಾಂಗ್ ಲೀ ಮತ್ತು ಸಂಗಡಿಗರು 195 ರೋಗಿಗಳನ್ನು ಮೂರು ಗುಂಪು ಮಾಡಿದರು: ತಾಯ್‌ಚಿ, ಭಾರದ ವ್ಯಾಯಾಮ, ಮೈ ಚಾಚುವ ವ್ಯಾಯಾಮ. ವಾರಕ್ಕೆ ಎರಡು ಸಲ, ಒಂದೊಂದು ಗಂಟೆ, 24 ವಾರ. ತೋಲ ಕಾಯ್ದುಕೊಳ್ಳುವುದರಲ್ಲಿ ತಾಯ್‌ಚಿಯವರು ಉಳಿದ ಎರಡೂ ಗುಂಪಿಗಿಂತ ಮುಂದಿದ್ದರು. ಬೀಳುವುದು ಚಾಚುವ ಗುಂಪಿಗಿಂತ ಕಡಿಮೆಯಾಯಿತು. ಭಾರದ ವ್ಯಾಯಾಮದವರಿಗಿಂತ ಕಡಿಮೆ ಅಂತ ಖಚಿತವಾಗಿ ಹೇಳುವಷ್ಟು ಅಂತರ ಕಾಣಲಿಲ್ಲ. ಯಾಕೆ ಹೀಗೆ? ತಾಯ್‌ಚಿಯಲ್ಲಿ ಮೊಣಕಾಲು ತುಸು ಮಡಿಸಿ, ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ನಿಧಾನವಾಗಿ, ಲಕ್ಷ್ಯಕೊಟ್ಟು ದಾಟಿಸುತ್ತಾರೆ. ತಾನಾಗಿ ನಡೆಯುತ್ತಿದ್ದ ನಡಿಗೆ ಕೈಕೊಟ್ಟಾಗ, ಬೇಕೆಂದು ಇಡುವ ಹೆಜ್ಜೆ ನೆರವಿಗೆ ಬರುತ್ತದೆ. ಗಮನಿಸಿ, ಅಲ್ಲಿ ಯಾರೂ ಗುಳಿಗೆಗೆ ಬದಲು ತಾಯ್‌ಚಿ ಅಂತ ಹೇಳಲಿಲ್ಲ.

ಕೊನೆಯ ಮಾತು

ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕದಿಂದ ಹಿಡಿದು ಕನ್ನಡಕ್ಕೆ ವೈದ್ಯಸಾಹಿತ್ಯದ ದೊಡ್ಡ ಪರಂಪರೆ ಇದೆ. ನಾವು ಅದನ್ನು ಪರೀಕ್ಷೆಗೆ ಓದಿ ಮುಚ್ಚಿಡ್ತೇವೆ. ಕಾಕಾ ಮೋಸಹೋದದ್ದು ದಡ್ಡನಾಗಿ ಅಲ್ಲ. ಅವನಿಗೆ ಅರ್ಥವಾಗೋ ಮಾತಿನಲ್ಲಿ ಬಂದದ್ದು ಆ ವಿಡಿಯೊ ಒಂದೇ. ಚಂದಗಡ, ಗಡಹಿಂಗ್ಲಜದ ಮನೆಗಳಲ್ಲಿ ಆಡುವ ಕನ್ನಡದಲ್ಲೇ ನಡುಕ ಬರೀ ಮುಪ್ಪಲ್ಲ, ಗುಳಿಗೆ ಬಿಡಬಾರದು, ಹೆಜ್ಜೆ ಹೀಗಿಡಬೇಕು ಅಂತ ಬರೆಯೋದು ನಮ್ಮಂಥವರ ಕೆಲಸ.

ಈಗ ಅಜ್ಜ ಹೊತ್ತಿಗೆ ಸರಿಯಾಗಿ ಗುಳಿಗೆ ತಗೋತಾನೆ. ಸಂಜೆ ಅಂಗಳದಲ್ಲಿ ಗೋಡೆ ಪಕ್ಕ ನಿಂತು ಭಾರ ಬದಲಿಸ್ತಾನೆ. ಕಾಕಾ ಪಕ್ಕದಲ್ಲಿ ನಿಂತು ಮರಾಠಿಯಲ್ಲಿ "ಏಕ್, ದೋನ್" ಅಂತ ಎಣಿಸ್ತಾನೆ. ಕೈ ಇನ್ನೂ ನಡುಗ್ತದೆ. ಹೊಸ್ತಿಲು ಮಾತ್ರ ದಾಟ್ತಾನೆ.